ಲೆಕ್ಕಕ್ಕಿಂತ ಗ್ಯಾಸ್ ಕಡಿಮೆ ಬಂತು, ಉಳಿದದ್ದು ಎಲ್ಲಿ ಹೋಯಿತು?

ಪ್ರಶ್ನೆ: 50 ಮಿ.ಲೀ. ವಿನೆಗರ್‌ಗೆ 0.42 ಗ್ರಾಂ ಅಡುಗೆ ಸೋಡಾ ಹಾಕಿ, ಬಂದ ಕಾರ್ಬನ್ ಡೈಆಕ್ಸೈಡನ್ನು ನೀರು ತುಂಬಿ ಬೋರಲು ಹಾಕಿದ ಮೆಷರಿಂಗ್ ಸಿಲಿಂಡರಿನಲ್ಲಿ ಹಿಡಿದೆವು. 112 ಮಿ.ಲೀ. ಬರಬೇಕಿತ್ತು, ಬಂದದ್ದು 80. ಮೊದಲ ಗುಳ್ಳೆಗಳು ಬರೀ ಗಾಳಿ ಅಂತ ಬಿಟ್ಟುಬಿಟ್ಟೆವು. ಎಲ್ಲಿ ತಪ್ಪಿದೆವು? ವಿನೆಗರ್ ಬದಲು ಕಾಚಂಪುಳಿ (ನಮ್ಮ ಕೊಡಗಿನ ಅಡುಗೆಯ ಗಟ್ಟಿ ಹುಳಿರಸ) ಹಾಕಬಹುದಾ?
– ಪಿಯುಸಿ ವಿದ್ಯಾರ್ಥಿನಿ, ಮಡಿಕೇರಿ

ಉತ್ತರ: ನಿಮ್ಮ ಊರಿನಲ್ಲಿ 112 ಅಲ್ಲ, ಸುಮಾರು 140 ಮಿ.ಲೀ. ಬರಬೇಕು! ನಿಮ್ಮ 112 ಬಂದದ್ದು ಒಂದು ಮೋಲ್ (ಕಣಗಳನ್ನು ಎಣಿಸುವ ಅಳತೆ) ಗ್ಯಾಸ್‌ಗೆ 22.4 ಲೀಟರ್ ಅನ್ನುವ ಲೆಕ್ಕದಿಂದ. ಅದು ಸೊನ್ನೆ ಡಿಗ್ರಿಗೆ, ಸಮುದ್ರಮಟ್ಟದ ಒತ್ತಡಕ್ಕೆ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಶೇ. 12ರಷ್ಟು ಕಡಿಮೆ. ಲ್ಯಾಬ್ 20 ಡಿಗ್ರಿ ಇದ್ದರೂ ಗ್ಯಾಸ್ ಜಾಸ್ತಿ ಜಾಗ ಹಿಡಿಯುತ್ತದೆ, ಜೊತೆಗೆ ಸ್ವಲ್ಪ ನೀರಾವಿಯೂ ಸೇರುತ್ತದೆ. ಅಂದರೆ ನೀವು ಕಳೆದುಕೊಂಡದ್ದು 60 ಮಿ.ಲೀ.

ನನ್ನ ಅನುಮಾನ ಮೊದಲು ವಿನೆಗರ್ ಮೇಲೆ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 900 ಮಿ.ಲೀ. ಕಾರ್ಬನ್ ಡೈಆಕ್ಸೈಡನ್ನು ಕರಗಿಸಿಕೊಳ್ಳಬಲ್ಲದು. ಹಾಗಾಗಿ ನಿಮ್ಮ 50 ಮಿ.ಲೀ. ವಿನೆಗರೇ 40 ಮಿ.ಲೀ.ವರೆಗೆ ನುಂಗಿರಬಹುದು. ಅಷ್ಟೊಂದು ಬೇಕಾಗಿಯೇ ಇಲ್ಲ, 10 ಮಿ.ಲೀ. ಸಾಕು. ಟಬ್‌ನ ನೀರೂ ಗ್ಯಾಸ್ ಹೀರುತ್ತದೆ. ಅದಕ್ಕೆ ಕರಗುವಷ್ಟು ಉಪ್ಪು ಹಾಕಿದರೆ ಹೀರುವುದು ಕಡಿಮೆಯಾಗುತ್ತದೆ.

ಇನ್ನು ಆ ಗುಳ್ಳೆಗಳು. ಶುದ್ಧ ಗ್ಯಾಸ್ ಬೇಕಿದ್ದರೆ ಬಿಡಬೇಕು, ಅಳತೆಗಾದರೆ ಬಿಡಲೇಬಾರದು. ಫ್ಲಾಸ್ಕಿನಲ್ಲಿ ಎಷ್ಟು ಗ್ಯಾಸ್ ಹುಟ್ಟುತ್ತದೋ ಅಷ್ಟೇ ಗಾಳಿಯನ್ನು ಅದು ಹೊರಗೆ ತಳ್ಳುತ್ತದೆ ಅಲ್ವಾ? ಆ ಗಾಳಿಯೇ ನಿಮ್ಮ ಲೆಕ್ಕ. ಇದರಲ್ಲೊಂದು ಉಪಾಯವೂ ಇದೆ: ದೊಡ್ಡ ಫ್ಲಾಸ್ಕ್ ತೆಗೆದುಕೊಳ್ಳಿ. ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ, ಬಹುಪಾಲು ಕೆಳಗೇ ಉಳಿಯುತ್ತದೆ. ಸಿಲಿಂಡರಿಗೆ ಹೋಗುವುದು ಹೆಚ್ಚಾಗಿ ಗಾಳಿ. ಅದು ನೀರಿನಲ್ಲಿ ಕರಗುವುದು ತೀರಾ ಕಡಿಮೆ.

ಸೋಡಾವನ್ನು ಹಾಗೇ ಸುರಿಯಬೇಡಿ. ಟಿಶ್ಯೂ ಪೇಪರಿನಲ್ಲಿ ಪೊಟ್ಟಣ ಕಟ್ಟಿ ಹಾಕಿ, ಅದು ನೆನೆಯುವುದರೊಳಗೆ ಬಿರಡೆ ಬಿಗಿಯಾಗಿ ಕೂತಿರಬೇಕು. ಓದುವಾಗ ಸಿಲಿಂಡರಿನ ಒಳಗಿನ ನೀರು, ಟಬ್‌ನ ನೀರು ಒಂದೇ ಮಟ್ಟಕ್ಕೆ ಬರಲಿ.

ಕಾಚಂಪುಳಿ ಧಾರಾಳವಾಗಿ ಹಾಕಬಹುದು (ಪಂದಿ ಕರಿಗೆ ಇಟ್ಟದ್ದನ್ನು ಕೇಳದೆ ತಂದರೆ ಬೈಗುಳ ಗ್ಯಾರಂಟಿ). ಗಟ್ಟಿ ಇರುವುದರಿಂದ ನೊರೆ ಉಕ್ಕಿ ಕೊಳವೆ ಸೇರಬಹುದು, ಸ್ವಲ್ಪ ನೀರು ಬೆರೆಸಿ. ಹುಳಿ ಒಂದೊಂದು ಮನೆಯದು ಒಂದೊಂದು ಥರ. ಅದು ಸಾಕಾಯಿತಾ ಅಂತ ತಿಳಿಯಲು, ರೀಡಿಂಗ್ ಬರೆದುಕೊಂಡ ಮೇಲೆ ಬಿರಡೆ ತೆಗೆದು ಚಿಟಿಕೆ ಸೋಡಾ ಹಾಕಿ. ಬುಸ್ ಅಂದರೆ ಸಾಕಾಗಿತ್ತು, ಸುಮ್ನೆ ಇದ್ದರೆ ಮತ್ತೊಮ್ಮೆ ಜಾಸ್ತಿ ಹುಳಿ ಹಾಕಿ ಮಾಡಿ.