ನೀರು ಕುಡಿಯದೆ ಮನೆಗೆ ಬರುವ ಹುಡುಗ

(ಮಂಜೇಶ್ವರ ತಾಲೂಕಿನ ತಾಯಿಯೊಬ್ಬರ ಪತ್ರದ ಸಾರ: ಏಳನೆಯ ತರಗತಿಯ ಮಗನನ್ನು ಅದೇ ಶಾಲೆಯ ಹತ್ತನೆಯ ತರಗತಿಯ ಮೂವರು ಜೂನ್‌ನಿಂದ ಪೀಡಿಸುತ್ತಿದ್ದಾರೆ. ಕಳೆದ ತಿಂಗಳು ತಳ್ಳಿ ಬೀಳಿಸಿದಾಗ ಕೈ ಉಳುಕಿತು. ಶಾಲೆಯವರು ‘ಮಕ್ಕಳಾಟ’ ಎನ್ನುತ್ತಾರೆ. ಪೊಲೀಸರ ಬಳಿ ಹೋಗಬಹುದೇ? ದೂರಿದರೆ ಟಿಸಿ ಕೊಟ್ಟು ಕಳುಹಿಸುವರೇ? ನಮಗೆ ಮಲಯಾಳ ಬರೆಯಲು ಬಾರದು.)

ಸಹೋದರಿ,

ಉಳುಕಿದ ಕೈಗಿಂತಲೂ ನಿಮ್ಮ ಪತ್ರದ ಇನ್ನೊಂದು ಸಾಲು ನನ್ನನ್ನು ಹೆಚ್ಚು ಕಾಡಿತು. ನಳ್ಳಿಯ ಹತ್ತಿರ ಅವರು ನಿಂತಿರುತ್ತಾರೆಂದು ಮಗ ಬೆಳಗ್ಗಿನಿಂದ ಸಂಜೆಯ ತನಕ ನೀರನ್ನೇ ಕುಡಿಯುವುದಿಲ್ಲ ಎಂದಿದ್ದೀರಿ. ಇದು ಮಕ್ಕಳಾಟವಲ್ಲ.

ನೀವು ಮೂರು ಸಲ ಶಾಲೆಗೆ ಹೋಗಿ ಮೂರು ಸಲವೂ ಬಾಯಿಮಾತಿನಲ್ಲೇ ಹೇಳಿ ಬಂದಿದ್ದೀರಿ, ತೊಡಕಿರುವುದು ಅಲ್ಲೇ. ರ‍್ಯಾಗಿಂಗ್ ಎಂದರೆ ಕಾಲೇಜಿನ ವಿಷಯವೆಂದು ಹಲವರು ತಿಳಿದಿದ್ದಾರೆ. ಆದರೆ 1998ರ ಕೇರಳ ರ‍್ಯಾಗಿಂಗ್ ನಿಷೇಧ ಕಾಯ್ದೆ ಶಾಲೆಗಳಿಗೂ ಅನ್ವಯಿಸುತ್ತದೆ. ವಿದ್ಯಾರ್ಥಿಗೆ ನೋವು, ಭಯ, ನಾಚಿಕೆ ಉಂಟುಮಾಡುವ ಕೀಟಲೆ, ಬೈಗುಳ, ಹಲ್ಲೆಗಳೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ. ಹೆತ್ತವರು ಲಿಖಿತ ದೂರು ಕೊಟ್ಟರೆ ಶಾಲೆಯ ಮುಖ್ಯಸ್ಥರು 7 ದಿನಗಳೊಳಗೆ ವಿಚಾರಣೆ ನಡೆಸಬೇಕು. ಮೇಲ್ನೋಟಕ್ಕೆ ನಿಜವೆಂದು ಕಂಡರೆ ಆ ವಿದ್ಯಾರ್ಥಿಗಳನ್ನು ಅಮಾನತುಗೊಳಿಸಿ ದೂರನ್ನು ಕೂಡಲೇ ಪೊಲೀಸ್ ಠಾಣೆಗೆ ಕಳುಹಿಸಬೇಕು. ಹುರುಳಿಲ್ಲವೆಂದು ಕಂಡರೆ ಅದನ್ನೂ ಬರಹದಲ್ಲೇ ನಿಮಗೆ ತಿಳಿಸಬೇಕು. ದೂರು ಬಂದ ಮೇಲೂ ಸುಮ್ಮನಿರುವ ಮುಖ್ಯಸ್ಥರನ್ನು ಕೃತ್ಯಕ್ಕೆ ಕುಮ್ಮಕ್ಕು ಕೊಟ್ಟವರೆಂದೇ ಕಾಯ್ದೆ ಪರಿಗಣಿಸುತ್ತದೆ. ಈ 7 ದಿನಗಳ ಲೆಕ್ಕ ಕಾಗದ ತಲುಪಿದ ದಿನದಿಂದ ಶುರುವಾಗುವುದರಿಂದ ಎರಡು ಪ್ರತಿ ಒಯ್ದು, ಒಂದರ ಮೇಲೆ ಮೊಹರು, ಸಹಿ, ತಾರೀಕು ಹಾಕಿಸಿಕೊಳ್ಳಿ. ಒಪ್ಪದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ಕನ್ನಡದಲ್ಲೇ ಬರೆಯಿರಿ. ಕನ್ನಡದ ಅರ್ಜಿಯನ್ನು ಯಾರು ಓದುತ್ತಾರೆ ಎಂಬ ಅಳುಕು ಗಡಿನಾಡಿನ ನಮಗೆಲ್ಲ ಇದ್ದದ್ದೇ. ಆದರೆ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಇಲ್ಲಿನ ಕನ್ನಡಿಗರು ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ವ್ಯವಹರಿಸಿ ಕನ್ನಡದಲ್ಲೇ ಉತ್ತರ ಪಡೆಯಬಹುದೆಂದು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯೂ ಹೇಳುತ್ತದೆ. ಹೈಸ್ಕೂಲುಗಳ ಮೇಲ್ವಿಚಾರಣೆ ನೋಡುವ ಜಿಲ್ಲಾ ಶಿಕ್ಷಣಾಧಿಕಾರಿಯ (ಡಿಇಒ) ಕಚೇರಿಗೂ ಒಂದು ಪ್ರತಿ ಕಳುಹಿಸಿ.

ಶಾಲೆಯ ಉತ್ತರಕ್ಕೆ ಕಾಯದೆ ನೇರವಾಗಿ ಠಾಣೆಗೂ ಹೋಗಬಹುದು. ಆ ಹುಡುಗರು ಜೈಲು ಸೇರುವುದು ಬೇಡವೆಂದು ಬರೆದಿದ್ದೀರಿ. ಇಷ್ಟು ನೊಂದ ಮೇಲೂ ಹಾಗೆ ಯೋಚಿಸಿದ ನಿಮ್ಮ ಬಗ್ಗೆ ಗೌರವ ಮೂಡಿತು. 18 ವರ್ಷ ತುಂಬದವರನ್ನು ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ. ಅವರ ವಿಷಯ ಬಾಲನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ, ಮಂಡಳಿ ಬುದ್ಧಿಮಾತು ಹೇಳಬಹುದು, ಆಪ್ತ ಸಮಾಲೋಚನೆಗೆ ಕಳುಹಿಸಬಹುದು, ಹೆತ್ತವರಿಂದ ದಂಡ ಕಟ್ಟಿಸಲೂಬಹುದು.

ಟಿಸಿಯ ಭಯ ಬಿಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಎಂಟನೆಯ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಶಾಲೆಯೂ ಅಧಿಕಾರಿಗಳೂ ಕೈಚೆಲ್ಲಿದರೆ ತಿರುವನಂತಪುರದ ಕೇರಳ ರಾಜ್ಯ ಬಾಲಹಕ್ಕು ಸಂರಕ್ಷಣಾ ಆಯೋಗಕ್ಕೆ ಬರೆಯಿರಿ. ಸಂಬಂಧಪಟ್ಟವರನ್ನು ಕರೆಸಿ ವಿಚಾರಿಸುವ ಅಧಿಕಾರ ಅದಕ್ಕಿದೆ. ತುರ್ತಾದರೆ 1098ಕ್ಕೆ ಕರೆ ಮಾಡಿ.

ದೂರಿನಲ್ಲಿ ದಿನ, ಜಾಗ, ನೋಡಿದವರು ಯಾರು ಎಂಬುದಿರಲಿ, ಆಸ್ಪತ್ರೆಯ ಒಪಿ ಚೀಟಿಯ ನಕಲೂ ಜೊತೆಗಿರಲಿ. ‘ಕಿರುಕುಳ ಕೊಡುತ್ತಾರೆ’ ಎಂದಷ್ಟೇ ಬರೆಯಬೇಡಿ. ನಳ್ಳಿಯ ಆ ಸಾಲನ್ನು, ನನಗೆ ಬರೆದಂತೆಯೇ, ಮೊದಲ ಪ್ಯಾರಾದಲ್ಲಿ ಬರೆಯಿರಿ.

– ಸಂಪಾದಕ