ಪೆಂಡಿಮೆಥಾಲಿನ್ ಹೊಡೆದರೂ ಶೇಂಗಾದಲ್ಲಿ ಕಳೆ ಎದ್ದಿದೆ, ಈಗೇನು ಮಾಡಲಿ?

ಪ್ರಶ್ನೆ: ಎರಡು ಎಕರೆಯಲ್ಲಿ ಶೇಂಗಾ ಬಿತ್ತಿ 18 ದಿನ ಆಯ್ತು. ಬಿತ್ತಿದ ಮಾರನೇ ದಿನವೇ ಪೆಂಡಿಮೆಥಾಲಿನ್ ಹೊಡೆದಿದ್ದೆ. ಆದರೂ ಹುಲ್ಲು, ಅಗಲ ಎಲೆ ಕಳೆ ಎರಡೂ ಎದ್ದಿವೆ. ಅಲ್ಲಲ್ಲಿ ಜೇಕೂ ಇದೆ. ಕಳೆ ತೆಗೆಯಲು ಆಳು ಸಿಗುತ್ತಿಲ್ಲ. ಯಾವ ಔಷಧಿ ಹೊಡೆಯಲಿ?

ಉತ್ತರ: ಪೆಂಡಿಮೆಥಾಲಿನ್ ಎದ್ದ ಕಳೆಯನ್ನು ಸಾಯಿಸುವ ಔಷಧಿ ಅಲ್ಲ. ಮೇಲ್ಮಣ್ಣಿನಲ್ಲಿ ತೆಳು ಪದರವಾಗಿ ಕೂತು, ಮೊಳೆಯುವ ಕಳೆಯನ್ನು ಅಲ್ಲೇ ತಡೆಯುತ್ತದೆ. ಅದಕ್ಕೆ ನೆಲದಲ್ಲಿ ಹಸಿ ಇರಲೇಬೇಕು. ಮಣ್ಣು ಒಣಗಿದ್ದರೆ, ಹೆಂಟೆ ಜಾಸ್ತಿ ಇದ್ದರೆ ಪದರ ಸರಿಯಾಗಿ ಕೂರುವುದಿಲ್ಲ. ಇನ್ನೊಂದು ತಪ್ಪು ನೀರಿನದು. ಶೇ 30ರ ಔಷಧಿ ಎಕರೆಗೆ 1.3 ಲೀಟರ್ ಬೇಕು, ನೀರು 200 ಲೀಟರ್. ಅಂದರೆ 16 ಲೀಟರ್ ಕ್ಯಾನಿನಲ್ಲಿ 12–13 ಕ್ಯಾನ್. ಐದಾರು ಕ್ಯಾನಿನಲ್ಲೇ ಎಕರೆ ಮುಗಿಸಿದರೆ ಅರ್ಧ ನೆಲ ಹಾಗೇ ಉಳಿಯುತ್ತದೆ, ಅಲ್ವಾ?

ಈಗ ಹೊಲಕ್ಕೆ ಹೋಗಿ ಕಳೆಯ ಎಲೆ ಎಣಿಸಿ. 2ರಿಂದ 4 ಎಲೆ ಇದ್ದರೆ ಇದೇ ಸಮಯ, ತಡ ಮಾಡಬೇಡಿ. ಎರಡೂ ಬಗೆಯ ಕಳೆ ಇರುವುದರಿಂದ ಇಮಾಜೆಥಾಪೈರ್ ಶೇ 10 ಎಸ್‌ಎಲ್, ಎಕರೆಗೆ 400 ಮಿಲಿ ಹೊಡೆಯಿರಿ. ಬರೀ ಹುಲ್ಲೇ ಇದ್ದಿದ್ದರೆ ಕ್ವಿಜಾಲೋಫಾಪ್ ಈಥೈಲ್ ಶೇ 5 ಇಸಿ, 400 ಮಿಲಿ ಸಾಕಿತ್ತು. ಅದನ್ನು ಹೊಡೆದ ವಾರದ ಮೇಲೆ ಹುಲ್ಲಿನ ನಡು ಸುಳಿ ಎಳೆದು ನೋಡಿ. ಸುಲಭವಾಗಿ ಕಿತ್ತು ಬಂದು, ಬುಡ ಕಂದಾಗಿ ಕೊಳೆತಿದ್ದರೆ ಔಷಧಿ ಹತ್ತಿದೆ ಎಂದೇ ಅರ್ಥ. ಮೇಲಿನ ಎಲೆ ಇನ್ನೂ ಹಸಿರಾಗಿದೆ ಅಂತ ಮತ್ತೆ ಹೊಡೆಯಬೇಡಿ.

ಇಮಾಜೆಥಾಪೈರ್ ಹೊಡೆದ ಮೇಲೆ ಶೇಂಗಾ ಸ್ವಲ್ಪ ಹಳದಿಯಾಗಬಹುದು. ಗಾಬರಿ ಬೇಡ, ಚೇತರಿಸಿಕೊಳ್ಳುತ್ತದೆ. ಆದರೆ ಇದರ ಅಂಶ ಮಣ್ಣಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಶೇಂಗಾ ಕಿತ್ತ ಕೂಡಲೇ ಜೋಳ, ಸೂರ್ಯಕಾಂತಿ, ಸಾಸಿವೆ ಹಾಕುವ ಯೋಚನೆ ಇದ್ದರೆ ಲೇಬಲ್ ಓದಿ ತೀರ್ಮಾನಿಸಿ. ಅಕ್ಕಡಿ ಸಾಲಲ್ಲಿ ಜೋಳ, ಸಜ್ಜೆ ಇದ್ದರಂತೂ ಈ ಎರಡೂ ಔಷಧಿ ಬೇಡವೇ ಬೇಡ.

ಜೇಕಿನ ವಿಷಯದಲ್ಲಿ ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ಇಮಾಜೆಥಾಪೈರ್‌ನಿಂದ ಅದರ ಬೆಳವಣಿಗೆ ಕುಗ್ಗುತ್ತದೆ, ಅಷ್ಟೆ. ನೆಲದೊಳಗಿನ ಗಡ್ಡೆಯಿಂದ ಮತ್ತೆ ಚಿಗುರುತ್ತದೆ. ಅದನ್ನು ಕೈಯಿಂದಲೇ ತೆಗೆಸಿ. ಅದೂ 40 ದಿನದೊಳಗೆ. ಆಮೇಲೆ ಕಾಯಿಯಾಗುವ ಸೂಜಿಗಳು ಮಣ್ಣಿಗೆ ಇಳಿಯುತ್ತವೆ, ಕುಂಟೆ ಆಡಿಸಿದರೆ ಅವೇ ಹರಿದು ಹೋಗುತ್ತವೆ.

ಕ್ಯಾನಿನಲ್ಲಿ ಹಿಂದೆ ಅಗಲ ಎಲೆ ಗಿಡಗಳನ್ನು ಸಾಯಿಸುವ 2,4-ಡಿ ಕಳೆನಾಶಕ ಹೊಡೆದಿದ್ದರೆ ಅದನ್ನು ಶೇಂಗಾಕ್ಕೆ ಬಳಸಬೇಡಿ, ಬೇರೆ ಕ್ಯಾನ್ ತನ್ನಿ. ತಳದಲ್ಲಿ ಉಳಿದ ಸ್ವಲ್ಪವೇ ಸಾಕು, ಬೆಳೆ ಮುರುಟಿಕೊಳ್ಳುತ್ತದೆ.