ಇನ್ನೂ ಗಟ್ಟಿ ಕಡಿವಾಣ ಬೇಕೇ?

ಪ್ರಶ್ನೆ: ತೋಟದ ಇಳಿಜಾರಿನಲ್ಲಿ ನನ್ನ ಕುದುರೆ ಲಗಾಮು ಎಳೆದುಕೊಂಡು ಓಡುತ್ತದೆ. ಬಾಯಿ ಗಡುಸಾಗಿದೆ, ಗಟ್ಟಿ ಕಡಿವಾಣ ಹಾಕಿಸಿ ಎನ್ನುತ್ತಾರೆ. ಯಾವುದನ್ನು ಕೊಳ್ಳಲಿ?
– ಓದುಗರು, ಗೋಣಿಕೊಪ್ಪ

ಯಾವುದನ್ನೂ ಕೊಳ್ಳಬೇಡಿ. ಮಳೆ ನಿಂತು ದಾರಿ ಒಣಗಿತೆಂದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಕಡಿವಾಣ, ಅಂದರೆ ಲಗಾಮಿಗೆ ಸೇರಿದ ಬಾಯೊಳಗಿನ ಲೋಹದ ತುಂಡು, ಕೂರುವುದು ಮುಂಬಲ್ಲಿಗೂ ದವಡೆಹಲ್ಲಿಗೂ ನಡುವಿನ ಖಾಲಿ ಜಾಗದಲ್ಲಿ. ಅಲ್ಲಿ ಎಲುಬಿನ ಮೇಲಿರುವುದು ತೆಳುವಾದ ಒಸಡು ಮಾತ್ರ. ನೋವಾದಾಗ ಕುದುರೆ ತಲೆ ಎತ್ತಿ ಓಡುತ್ತದೆ, ನೀವು ಇನ್ನಷ್ಟು ಜಗ್ಗುತ್ತೀರಿ. ಅದಕ್ಕೇ ಜನ ಗಡುಸು ಬಾಯಿ ಎಂದು ಹೆಸರಿಟ್ಟಿದ್ದಾರೆ.

ಮೊದಲು ಪಶುವೈದ್ಯರಿಗೆ ಹಲ್ಲು ತೋರಿಸಿ. ಮೇಲಿನ ದವಡೆಹಲ್ಲಿನ ಹೊರ ಅಂಚು ಚೂಪಾಗಿ ಕೆನ್ನೆಯನ್ನು ಕೊಯ್ಯುತ್ತಿರಬಹುದು. ಹಲ್ಲು ಕಿತ್ತರೆ ಸರಿಹೋಗುತ್ತದೆ ಎನ್ನುವ ಸಂತೆಯ ಪಂಡಿತರನ್ನು ಲಾಯದ ಹತ್ತಿರವೂ ಸೇರಿಸಬೇಡಿ.

ಹಲ್ಲು ಸರಿಯಿದ್ದರೆ ತಪ್ಪು ನಿಮ್ಮ ಮಂಡಿಯಲ್ಲಿದೆ. ಹೆದರಿ ಮಂಡಿಯಿಂದ ಜೀನನ್ನು ಅವುಚಿಕೊಂಡಷ್ಟೂ ಮೈ ಮೇಲೇಳುತ್ತದೆ, ಪಾದ ಇಡುವ ರಿಕಾಪು ಜಾರುತ್ತದೆ, ಹಿಡಿಯಲು ಲಗಾಮೊಂದೇ ಉಳಿಯುತ್ತದೆ. ಸಮತಟ್ಟಾದ ಮೈದಾನದಲ್ಲಿ ತಿಳಿದವರೊಬ್ಬರು ಉದ್ದ ಹಗ್ಗ ಹಿಡಿದು ಕುದುರೆಯನ್ನು ಸುತ್ತಾಡಿಸಲಿ. ನೀವು ಅದರ ಮೇಲೆ ಬರಿಗೈಯಲ್ಲಿ ಕುಳಿತುಕೊಳ್ಳಿ. ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ನೇರಕ್ಕಿರಬೇಕು. ಹಿಮ್ಮಡಿಯನ್ನು ಬಲವಂತವಾಗಿ ಕೆಳಕ್ಕೆ ಒತ್ತಿದರೆ ಕಣಕಾಲು ಬಿಗಿಯುತ್ತದೆ. ಇದು ಮೈಗೂಡುವವರೆಗೆ ಲಗಾಮು ನಿಮ್ಮ ಕೈಗೆ ಬೇಡ.

ನಡಿಗೆಯಲ್ಲಿ ಕುದುರೆಯ ತಲೆ ಆಡುತ್ತದೆ. ಮೊಣಕೈ ಅದರ ಜೊತೆಗೇ ಚಾಚಿ ಮಡಚಬೇಕು. ನಿಲ್ಲಿಸಬೇಕೆಂದಾಗ ಉಸಿರು ಬಿಟ್ಟು ಸೊಂಟದ ಆಟ ನಿಲ್ಲಿಸಿ, ಸಾಲದಿದ್ದರೆ ಮಾತ್ರ ಬೆರಳು ಬಿಗಿಮಾಡಿ. ಅದು ನಿಧಾನಿಸಿದ ಕ್ಷಣವೇ ಬೆರಳು ಸಡಿಲವಾಗಬೇಕು. ಕುದುರೆ ಕಲಿಯುವುದು ಆ ಸಡಿಲಿಕೆಯಿಂದ. ಇಳಿಜಾರಿಗೆ ಹೋಗುವುದು ಆಮೇಲೆ. ಅಲ್ಲಿ ಹಿಂದಕ್ಕೆ ಮಲಗಿದರೆ ಭಾರವೆಲ್ಲ ಅದರ ಸೊಂಟದ ಮೇಲೆ ಬೀಳುತ್ತದೆ. ಪಕ್ಕದ ಸಿಲ್ವರ್ ಓಕ್ ಮರ ನಿಂತಷ್ಟೇ ನೇರವಾಗಿ ಕುಳಿತರೆ ಸಾಕು.

ಪ್ರಶ್ನೆ: ಮುಂದೆ ಹೋಗದ ಕುದುರೆಗೆ ಸ್ಪರ್ಸ್ (ಹಿಮ್ಮಡಿಗೆ ಕಟ್ಟಿ ತಿವಿಯುವ ಲೋಹದ ಮೊನೆ) ಬಳಸಬಹುದೇ?
– ವಿರಾಜಪೇಟೆ

ಒಂದು ನೊಣ ಕುಳಿತರೂ ಚರ್ಮ ಅದುರಿಸುವ ಪ್ರಾಣಿ ಅದು. ಹೆಜ್ಜೆಹೆಜ್ಜೆಗೂ ಒದೆಯುವುದನ್ನು ಮೊದಲು ನಿಲ್ಲಿಸಿ.

ಪ್ರಶ್ನೆ: ಕಪ್ಪು ದಾರ ಕಟ್ಟಿದರೆ ಕುದುರೆ ಬೆದರುವುದಿಲ್ಲವಂತೆ, ನಿಜವೇ?
– ನಾಪೋಕ್ಲು

ದಾರ ಮಾರಿದವನನ್ನೇ ಕೇಳಿ.

ಪ್ರಶ್ನೆ: ಫೋಟೊ ಕಳುಹಿಸಿದ್ದೇನೆ, ನನ್ನ ಭಂಗಿ ಹೇಗಿದೆ?
– ಸೋಮವಾರಪೇಟೆ

ಹೆಲ್ಮೆಟ್ ಹಾಕಿಕೊಂಡು ಇನ್ನೊಂದು ಕಳುಹಿಸಿ. ಭಂಗಿಯ ಮಾತು ಆಮೇಲೆ.